ಎರಡಾಣೆಯಿಂದ ಎಸ್‌ಐಪಿವರೆಗೆ: ಸಣ್ಣ ಉಳಿತಾಯದ ಚರಿತ್ರೆ

(2003–04ನೇ ಸಾಲಿನ ಹಳೆಯ ವಿದ್ಯಾರ್ಥಿ, ಬಿ.ಇ., ಸಾಫ್ಟ್‌ವೇರ್ ಎಂಜಿನಿಯರ್, ಬೆಂಗಳೂರು)

ಕಳೆದ ಜನವರಿಯಲ್ಲಿ ನಮ್ಮ ಶಾಲೆಗೆ ಹೋಗಿದ್ದೆ. ಸುವರ್ಣ ಮಹೋತ್ಸವದ ಪೂರ್ವಭಾವಿ ಸಭೆ. ಸಭೆ ಮುಗಿದ ಮೇಲೆ ಹೆಡ್‌ಮಾಸ್ಟರು, 'ಮಕ್ಕಳ ಜೊತೆ ಹತ್ತು ನಿಮಿಷ ಮಾತಾಡಿ, ಕಂಪ್ಯೂಟರ್ ಬಗ್ಗೆ ಏನಾದರೂ ಹೇಳಿ' ಎಂದು ಒಂಬತ್ತನೆಯ ತರಗತಿಗೆ ಕಳಿಸಿದರು. ನಾನು ಕಂಪ್ಯೂಟರ್ ಬಗ್ಗೆ ಹೇಳಿದೆ. ಕೊನೆಗೆ ಪ್ರಶ್ನೆ ಕೇಳಿ ಎಂದಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, 'ಸಾರ್, ನನ್ನ ಹತ್ರ ಆರುನೂರು ರೂಪಾಯಿ ಇದೆ. ಶೇರ್ ತಗೋಬೋದಾ?' ಎಂದ. ಇಡೀ ತರಗತಿ ನಕ್ಕಿತು. ನಾನೂ ನಕ್ಕು, 'ಮೊದಲು ಎಸ್‌ಎಸ್‌ಎಲ್‌ಸಿ ಪಾಸಾಗು ಮಾರಾಯ' ಎಂದುಬಿಟ್ಟೆ. ಅವನು ಪೆಚ್ಚಾಗಿ ಕುಳಿತ.

ಬಸ್ಸಿನಲ್ಲಿ ಬೆಂಗಳೂರಿಗೆ ವಾಪಸಾಗುವಾಗ ಆ ಹುಡುಗನ ಮುಖವೇ ಕಣ್ಣ ಮುಂದೆ. ಅವನು ಕೇಳಿದ್ದು ನಗುವ ಪ್ರಶ್ನೆಯಾಗಿರಲಿಲ್ಲ. ನಾನು ಅವನ ವಯಸ್ಸಿನಲ್ಲಿ ಇದೇ ಪ್ರಶ್ನೆ ಕೇಳಿದ್ದರೆ, ಯಾರಾದರೂ ಸರಿಯಾಗಿ ಉತ್ತರಿಸಿದ್ದರೆ, ನಮ್ಮ ಮನೆಯಲ್ಲಿ ಒಂದು ದುಃಖ ತಪ್ಪುತ್ತಿತ್ತು. ಆ ವಿಷಯಕ್ಕೆ ಆಮೇಲೆ ಬರುತ್ತೇನೆ. ಸಂಚಿಕೆಗೆ ಲೇಖನ ಬೇಕು ಎಂದು ಸಮಿತಿಯವರು ಕೇಳಿದಾಗ ಅವನಿಗೆ ಕೊಡಬೇಕಾಗಿದ್ದ ಉತ್ತರವನ್ನೇ ಬರೆಯೋಣ ಎನಿಸಿತು. ಉತ್ತರಕ್ಕೆ ಕೂತರೆ ಅದು ಚರಿತ್ರೆಯಾಯಿತು. ಏಕೆಂದರೆ ಬಡವರ, ಮಕ್ಕಳ, ಕೂಲಿಯವರ ಚಿಲ್ಲರೆ ಕಾಸನ್ನು ಏನು ಮಾಡಬೇಕು ಎಂಬ ಪ್ರಶ್ನೆಗೆ ನಮ್ಮ ನಾಡಿನಲ್ಲಿ ನೂರು ವರ್ಷದ ಹಿಂದೆಯೇ ಬಹಳ ಒಳ್ಳೆಯ ಉತ್ತರ ಹುಡುಕಿದವರಿದ್ದರು. ಅವರಲ್ಲಿ ಹೆಚ್ಚಿನವರು ನಮ್ಮ ಆಗುಂಬೆ ಘಾಟಿ ಇಳಿದರೆ ಸಿಗುವ ಊರುಗಳವರೇ.

ಅದಕ್ಕೂ ಮೊದಲು ಸಣ್ಣ ದುಡ್ಡಿಗೆ ಜಾಗ ಇದ್ದದ್ದು ಅಂಚೆ ಕಚೇರಿಯಲ್ಲಿ ಮಾತ್ರ. 1882ರಲ್ಲಿ ಬ್ರಿಟಿಷ್ ಸರ್ಕಾರ ದೇಶದಲ್ಲಿ ಅಂಚೆ ಉಳಿತಾಯ ಬ್ಯಾಂಕ್ ಆರಂಭಿಸಿತು. ಆದರೆ ಹಳ್ಳಿಯವನಿಗೆ ಅಂಚೆ ಕಚೇರಿ ಎಂದರೆ ಸರ್ಕಾರ, ಸರ್ಕಾರ ಎಂದರೆ ಹೆದರಿಕೆ. ದುಡ್ಡಿದ್ದವರು ಹಂಡೆಯಲ್ಲಿಟ್ಟು ಹೂಳುತ್ತಿದ್ದರು, ಇಲ್ಲದಿದ್ದರೆ ಬಂಗಾರ ಮಾಡಿಸುತ್ತಿದ್ದರು. ಸಾಲ ಬೇಕಾದಾಗ ಸಾಹುಕಾರರ ಜಗುಲಿ.

ಈ ಸಾಹುಕಾರರ ಜಗುಲಿಗೆ ಪರ್ಯಾಯ ಮಾಡಿದವರಲ್ಲಿ ಮೊದಲು ನೆನೆಯಬೇಕಾದವರು ಗದಗ ಸೀಮೆಯ ಕಣಗಿನಹಾಳದ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು. 1904ರಲ್ಲಿ ಸಹಕಾರ ಸಂಘಗಳ ಕಾಯಿದೆ ಬಂತು. 1905ರಲ್ಲಿ ಅವರು ತಮ್ಮ ಊರಿನಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಅದು. ನಮ್ಮೂರಿನ ಸೊಸೈಟಿಯಲ್ಲಿ ಗೊಬ್ಬರಕ್ಕೆ ಸಾಲು ನಿಲ್ಲುವ ನಾವೆಲ್ಲ ಆ ಸಂಘದ ಮರಿಮಕ್ಕಳು.

ಮರುವರ್ಷ, 1906, ಕರಾವಳಿಯಲ್ಲಿ ಎರಡು ಬ್ಯಾಂಕುಗಳು ಹುಟ್ಟಿದವು. ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಆರಂಭಿಸಿದ ಸಂಸ್ಥೆ ಮುಂದೆ ಕಾರ್ಪೊರೇಷನ್ ಬ್ಯಾಂಕ್ ಆಯಿತು. ಅದರ ಬಂಡವಾಳ 5,000 ರೂಪಾಯಿ. ಮೊದಲ ದಿನ ಸಂಜೆ ಬಾಗಿಲು ಹಾಕುವಾಗ ಲೆಕ್ಕದಲ್ಲಿ ಸಿಕ್ಕಿದ್ದು 38 ರೂಪಾಯಿ 13 ಆಣೆ 2 ಪೈ. ಈ ಅಂಕಿ ನನಗೆ ಬಹಳ ಇಷ್ಟ. ಎರಡು ಪೈಯನ್ನೂ ಬಿಡದೆ ಬರೆದಿಟ್ಟಿದ್ದಾರೆ ನೋಡಿ. ಮಂಗಳೂರಿನಲ್ಲಿ ವಕೀಲ ಅಮ್ಮೆಂಬಳ ಸುಬ್ಬರಾವ್ ಪೈಗಳು ಸ್ಥಾಪಿಸಿದ್ದು ಕೆನರಾ ಬ್ಯಾಂಕಿನ ಮೂಲ ಸಂಸ್ಥೆಯನ್ನು. ಶಾಲೆಯ ಸಂಚಿಕೆಯಾದ್ದರಿಂದ ಒಂದು ಮಾತು ಹೇಳಲೇಬೇಕು: ಪೈಗಳು ಬ್ಯಾಂಕ್ ಮಾಡುವ ಮೊದಲು ಶಾಲೆ ಮಾಡಿದ್ದರು. ಮಂಗಳೂರಿನ ಕೆನರಾ ಹೈಸ್ಕೂಲು 1891ರದು, ಹೆಣ್ಣುಮಕ್ಕಳ ಶಾಲೆ 1894ರದು.

ಅದೇ 1906ರ ಅಕ್ಟೋಬರ್‌ನಲ್ಲಿ ಮದರಾಸಿನಲ್ಲಿ ಇನ್ನೊಂದು ಘಟನೆ ನಡೆಯಿತು. ಆರ್ಬತ್‌ನಾಟ್ ಎಂಬ ದೊಡ್ಡ ಬ್ರಿಟಿಷ್ ವ್ಯಾಪಾರಿ ಸಂಸ್ಥೆ ದಿವಾಳಿಯಾಯಿತು. ಒಳ್ಳೆಯ ಬಡ್ಡಿ, ಅದಕ್ಕಿಂತ ಒಳ್ಳೆಯ ಹೆಸರು. ದಕ್ಷಿಣ ಭಾರತದ ಸಾವಿರಾರು ಜನ ನಿವೃತ್ತಿಯ ಹಣ, ಮಗಳ ಮದುವೆಯ ಹಣ ತಂದು ಅಲ್ಲಿ ಇಟ್ಟಿದ್ದರು. ಯಜಮಾನ ಸರ್ ಜಾರ್ಜ್ ಆರ್ಬತ್‌ನಾಟ್‌ಗೆ ಜೈಲಾಯಿತು. ಜನರ ಹಣ ಹೋಗಿದ್ದು ಹೋಯಿತು. ಒಂದೇ ವರ್ಷದಲ್ಲಿ ಈ ಎರಡು ಚಿತ್ರಗಳು: ಒಂದು ಕಡೆ ಸರ್ ಪದವಿ, ಭವ್ಯ ಕಟ್ಟಡ, ದೊಡ್ಡ ಬಡ್ಡಿಯ ಆಸೆ, ಇನ್ನೊಂದು ಕಡೆ ಎರಡು ಪೈಗೂ ಲೆಕ್ಕ. ಸಣ್ಣ ಉಳಿತಾಯದ ಚರಿತ್ರೆ ಇವತ್ತಿನವರೆಗೂ ಈ ಎರಡು ಚಿತ್ರಗಳ ನಡುವೆಯೇ ಓಡಾಡುತ್ತಿದೆ ಎಂದು ನನಗನ್ನಿಸುತ್ತದೆ.

ಈಗ ನನ್ನ ಮೆಚ್ಚಿನ ಅಧ್ಯಾಯ. 1925ರಲ್ಲಿ ಉಡುಪಿಯಲ್ಲಿ ಮೂವರು ಸೇರಿದರು. ಉಪೇಂದ್ರ ಪೈ ವ್ಯಾಪಾರಿ, ಅವರ ತಮ್ಮ ಟಿ.ಎಂ.ಎ. ಪೈ ಡಾಕ್ಟರು, ವಾಮನ ಕುಡ್ವ ಎಂಜಿನಿಯರು. ಕೈಮಗ್ಗದ ನೇಕಾರರು ಕಷ್ಟದಲ್ಲಿದ್ದ ಕಾಲ. ಅವರಿಗೆ ನೆರವಾಗಲೆಂದು 8,000 ರೂಪಾಯಿ ಬಂಡವಾಳದಲ್ಲಿ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಎಂಬ ಉದ್ದ ಹೆಸರಿನ ಸಂಸ್ಥೆ ಮಾಡಿದರು. ನಾವು ಸಿಂಡಿಕೇಟ್ ಬ್ಯಾಂಕ್ ಎಂದು ಕರೆದದ್ದು ಅದನ್ನೇ. ಸಾಲ ಕೊಡಲು ಹಣ ಬೇಕು. ಹಣ ಎಲ್ಲಿದೆ? ನೇಕಾರ, ಮೀನುಗಾರ, ಹೂ ಮಾರುವವಳು, ಗೂಡಂಗಡಿಯವನು ಎಲ್ಲರ ಹತ್ತಿರವೂ ಒಂದಿಷ್ಟಿದೆ, ಆದರೆ ಸಂಜೆಯ ಹೊತ್ತಿಗೆ ಖಾಲಿಯಾಗುತ್ತದೆ. ಅವರು ಬ್ಯಾಂಕಿಗೆ ಬರುವುದಿಲ್ಲ. ಬರಲು ಹೊರಟರೆ ಅರ್ಧ ದಿನದ ಕೂಲಿ ಹಾಳು. ಆದ್ದರಿಂದ 1928ರಲ್ಲಿ ಬ್ಯಾಂಕೇ ಅವರ ಮನೆಬಾಗಿಲಿಗೆ ಹೋಯಿತು. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕು, ಏಜೆಂಟ್ ಬಂದು ತೆಗೆದುಕೊಂಡು ಪುಸ್ತಕದಲ್ಲಿ ಬರೆದು ಹೋಗುತ್ತಾನೆ. ಅದೇ ಪಿಗ್ಮಿ.

ಎರಡಾಣೆ ಎಂದರೆ ರೂಪಾಯಿಯ ಎಂಟನೆಯ ಒಂದು ಭಾಗ. ದಿನವೂ ತಪ್ಪದೆ ಕಟ್ಟಿದರೆ ವರ್ಷಕ್ಕೆ 730 ಆಣೆ, ಅಂದರೆ 45 ರೂಪಾಯಿ 10 ಆಣೆ. ಬಡ್ಡಿ ಬೇರೆ. ಆ ಕಾಲದ ಕೂಲಿಯವನು ಒಂದೇ ಸಲಕ್ಕೆ 45 ರೂಪಾಯಿಯನ್ನು ಕೈಯಲ್ಲಿ ಹಿಡಿಯುವುದು ಸಣ್ಣ ಮಾತಲ್ಲ. ಇದರಲ್ಲಿ ಯಾವ ಜಾದೂ ಇಲ್ಲ. ದಿನವೂ ಎಂಬ ಒಂದು ಪದದಲ್ಲೇ ಎಲ್ಲ ಇದೆ. ಇವತ್ತು ಮೊಬೈಲಿನಲ್ಲಿ ಎಸ್‌ಐಪಿ ಎಂದು ಜಾಹೀರಾತು ಬರುತ್ತದಲ್ಲ, ತಿಂಗಳಿಗಿಷ್ಟು ಎಂದು ಖಾತೆಯಿಂದ ತಾನಾಗಿ ಹೋಗುವ ಹಣ, ಅದರ ಬೇರು ನಮ್ಮ ಕಡೆಯವರಿಗೆ ಹೊಸದೇನಲ್ಲ.

ನಮ್ಮ ಊರಿನ ಪೇಟೆಗೂ ಪಿಗ್ಮಿಯವರು ಬರುತ್ತಿದ್ದರು. ಸಂಜೆ ಐದರ ಬಸ್ಸು ಬಂದ ಮೇಲೆ, ಮಳೆಗಾಲವಾದರೆ ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಂಡು ಸೈಕಲ್ಲಿನಲ್ಲಿ. ಒದ್ದೆಯಾಗದಂತೆ ರಶೀದಿ ಪುಸ್ತಕವನ್ನು ಅಂಗಿಯೊಳಗೆ ಇಟ್ಟುಕೊಂಡಿರುತ್ತಿದ್ದರು. ಅವರಿಗೆ ಸಂಬಳವಲ್ಲ, ಕಮಿಷನ್. ಈ ಪಿಗ್ಮಿ ಸಂಗ್ರಾಹಕರು ಬ್ಯಾಂಕಿನ ಕೆಲಸಗಾರರೇ ಅಲ್ಲವೇ ಎಂಬ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಗಿ, ಕಾನೂನಿನ ಪ್ರಕಾರ ಅವರು ಕೆಲಸಗಾರರೇ ಎಂಬ ತೀರ್ಪು ಬಂದದ್ದು 2001ರಲ್ಲಿ. ಎಪ್ಪತ್ತು ವರ್ಷ ಮಳೆಯಲ್ಲಿ ಸೈಕಲ್ ತುಳಿದ ಮೇಲೆ.

ಪಿಗ್ಮಿಯನ್ನು ಹೊಗಳಿದೆನೆಂದು ಅದೇ ಅತ್ಯುತ್ತಮ ಹೂಡಿಕೆ ಎಂದು ತಿಳಿಯಬೇಡಿ. ಅದರ ಬಡ್ಡಿ ಕಡಿಮೆ, ಅವಧಿಗೆ ಮೊದಲು ತೆಗೆದರೆ ಇನ್ನೂ ಕಡಿಮೆ. ಅದು ಉಳಿಸುವುದನ್ನು ಕಲಿಸುತ್ತದೆ, ಬೆಳೆಸುವುದನ್ನಲ್ಲ.

ಬ್ಯಾಂಕಾದರೆ ಮುಳುಗುವುದಿಲ್ಲ ಎಂಬ ನಂಬಿಕೆಗೂ ಒಂದು ಚರಿತ್ರೆ ಇದೆ. 1960ರಲ್ಲಿ ಕೇರಳದ ಪಾಲಾಯಿ ಸೆಂಟ್ರಲ್ ಬ್ಯಾಂಕ್ ಮುಚ್ಚಿತು. ಆ ಪೆಟ್ಟಿನ ನಂತರವೇ 1962ರಲ್ಲಿ ಠೇವಣಿ ವಿಮೆ ಬಂತು. ಮೊದಲಿಗೆ ರಕ್ಷಣೆ ಇದ್ದದ್ದು 1,500 ರೂಪಾಯಿಗೆ. 1993ರಿಂದ ಒಂದು ಲಕ್ಷ, 2020ರಿಂದ ಐದು ಲಕ್ಷ. ಅಂದರೆ ಒಂದು ಬ್ಯಾಂಕಿನಲ್ಲಿ ಒಬ್ಬರ ಐದು ಲಕ್ಷದವರೆಗಿನ ಠೇವಣಿಗೆ ವಿಮೆ ಇದೆ. ಊರಿನ ಹಿರಿಯರು ಇದನ್ನು ಗಮನಿಸಬೇಕು: ಈ ವಿಮೆ ಬ್ಯಾಂಕುಗಳಿಗೆ, ಸಹಕಾರಿ ಬ್ಯಾಂಕುಗಳಿಗೆ ಇದೆ; ಪತ್ತಿನ ಸೊಸೈಟಿಗಳಿಗೆ ಇಲ್ಲ. ಬೋರ್ಡಿನಲ್ಲಿ ಬ್ಯಾಂಕ್ ಎಂದಿದೆಯೋ ಸೌಹಾರ್ದ ಎಂದಿದೆಯೋ ಓದಿ ಒಳಗೆ ಹೋಗಿ.

1969ರ ಜುಲೈ 19ರಂದು ಇಂದಿರಾ ಗಾಂಧಿಯವರು 14 ಬ್ಯಾಂಕುಗಳನ್ನು ರಾಷ್ಟ್ರೀಕರಣ ಮಾಡಿದಾಗ ಕೆನರಾ, ಸಿಂಡಿಕೇಟ್ ಎರಡೂ ಅದರಲ್ಲಿದ್ದವು. 1980ರಲ್ಲಿ ಕಾರ್ಪೊರೇಷನ್ ಮತ್ತು ವಿಜಯಾ ಬ್ಯಾಂಕುಗಳೂ ಸೇರಿದವು. ಒಂದೇ ಜಿಲ್ಲೆಯಲ್ಲಿ ಹುಟ್ಟಿದ ನಾಲ್ಕು ಬ್ಯಾಂಕುಗಳು! ಈಗ ಹೆಸರು ಉಳಿದಿರುವುದು ಕೆನರಾದ್ದು ಮಾತ್ರ. ಉಳಿದವು ವಿಲೀನವಾದವು.

ರಾಷ್ಟ್ರೀಕರಣದ ನಂತರದ ವರ್ಷಗಳಲ್ಲೇ ಶಾಲೆಗಳಿಗೆ ಬಂದದ್ದು ಸಂಚಯಿಕಾ. ಮಕ್ಕಳೇ ನಡೆಸುವ ಪುಟ್ಟ ಬ್ಯಾಂಕ್. ನಮ್ಮ ಕಾಲದಲ್ಲಿ ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಸ್ಟಾಫ್ ರೂಮಿನ ಹೊರಗೆ ಬೆಂಚು ಹಾಕಿಕೊಂಡು ಹತ್ತನೆಯ ತರಗತಿಯ ಇಬ್ಬರು ಮ್ಯಾನೇಜರು, ಕ್ಯಾಷಿಯರು ಆಗಿ ಕೂರುತ್ತಿದ್ದರು. ಒಂದು ರೂಪಾಯಿ, ಎರಡು ರೂಪಾಯಿ. ನಾನು ಐಸ್‌ಕ್ಯಾಂಡಿಗೆ ಕೊಟ್ಟದ್ದರಲ್ಲಿ ಉಳಿಸಿ ಮೂರು ವರ್ಷದಲ್ಲಿ 143 ರೂಪಾಯಿ ಮಾಡಿದ್ದೆ. ಶಾಲೆ ಬಿಡುವಾಗ ಕೈಗೆ ಕೊಟ್ಟರು. ಅದರಲ್ಲಿ ಪಿಯುಸಿಗೆ ಒಂದು ಜಾಮಿಟ್ರಿ ಬಾಕ್ಸ್, ಒಂದು ಕೊಡೆ.

ನಾನು ಎಂಟನೆಯ ತರಗತಿಗೆ ಸೇರಿದ 2001ರಲ್ಲಿ ನಡೆದ ಒಂದು ಸಂಗತಿ ಆಗ ಅರ್ಥವಾಗಿರಲಿಲ್ಲ. ನಮ್ಮ ಗಣಿತದ ಮೇಷ್ಟ್ರು ಜುಲೈ ತಿಂಗಳಲ್ಲಿ ಕೆಲವು ದಿನ ಬಹಳ ಮಂಕಾಗಿದ್ದರು. ಬೋರ್ಡಿನ ಕಡೆ ತಿರುಗಿ ನಿಂತು ಬರೆಯುವುದನ್ನೇ ಮರೆಯುತ್ತಿದ್ದರು. ವರ್ಷಗಳ ನಂತರ ಅವರೇ ಹೇಳಿದರು: ಅವರ ಬಹುಪಾಲು ಉಳಿತಾಯ ಯುಎಸ್-64ರಲ್ಲಿತ್ತು. ಯೂನಿಟ್ ಟ್ರಸ್ಟ್ 1964ರಲ್ಲಿ ಶುರು ಮಾಡಿದ ಯೋಜನೆ. ಹತ್ತು ರೂಪಾಯಿಯ ಯೂನಿಟ್. ಸಾಮಾನ್ಯ ಜನರೂ ಶೇರು ಮಾರುಕಟ್ಟೆಯ ಲಾಭದಲ್ಲಿ ಪಾಲು ಪಡೆಯಲಿ ಎಂಬ ಒಳ್ಳೆಯ ಉದ್ದೇಶ. ಮೂವತ್ತೇಳು ವರ್ಷ ಎಲ್ಲರೂ ಅದನ್ನು ಸರ್ಕಾರಿ ಠೇವಣಿಯೆಂದೇ ನಂಬಿದರು. ತೊಂದರೆ ಎಲ್ಲಿತ್ತೆಂದರೆ, ಯೂನಿಟ್‌ನ ಬೆಲೆಯನ್ನು ಒಳಗಿರುವ ಆಸ್ತಿಯ ನಿಜವಾದ ಮೌಲ್ಯ ನೋಡಿ ನಿಗದಿ ಮಾಡುತ್ತಿರಲಿಲ್ಲ. ಒಳಗೆ ಕರಗುತ್ತಿತ್ತು, ಹೊರಗೆ ಬೆಲೆ ಹಾಗೇ ಇತ್ತು. 2001ರ ಜುಲೈನಲ್ಲಿ ಕೊಳ್ಳುವುದು, ಮರಳಿಸುವುದು ಎರಡನ್ನೂ ನಿಲ್ಲಿಸಿಬಿಟ್ಟರು. ಆಮೇಲೆ ಸರ್ಕಾರ ಮಧ್ಯೆ ಬಂದು ಸಣ್ಣ ಹೂಡಿಕೆದಾರರಿಗೆ ಒಂದಿಷ್ಟು ದಾರಿ ಮಾಡಿಕೊಟ್ಟಿತು. ಮೇಷ್ಟ್ರು ಪೂರ್ತಿ ಕಳೆದುಕೊಳ್ಳಲಿಲ್ಲ, ಆದರೆ ಮನೆ ಕಟ್ಟುವುದು ಮುಂದೆ ಹೋಯಿತು. ಇವತ್ತಿನ ಮ್ಯೂಚುವಲ್ ಫಂಡುಗಳಲ್ಲಿ ಯೂನಿಟ್ ಬೆಲೆಯನ್ನು ದಿನವೂ ಲೆಕ್ಕ ಹಾಕಿ ಪ್ರಕಟಿಸಲೇಬೇಕು. ಬೆಲೆ ಇಳಿದರೆ ಇಳಿದದ್ದು ಕಾಣುತ್ತದೆ. ಕಾಣುವ ನಷ್ಟ ಕಾಣದ ನಷ್ಟಕ್ಕಿಂತ ಮೇಲು ಎಂದು ಮೇಷ್ಟ್ರೇ ಹೇಳಿದ್ದು.

ಅದೇ ಮೇಷ್ಟ್ರು ನಮಗೆ ಚಕ್ರಬಡ್ಡಿಯ ಪಾಠದಲ್ಲಿ 72ರ ಸೂತ್ರ ಹೇಳಿಕೊಟ್ಟಿದ್ದರು. ಪಠ್ಯಪುಸ್ತಕದಲ್ಲಿ ಇರಲಿಲ್ಲ. ಬಡ್ಡಿಯ ದರದಿಂದ 72ನ್ನು ಭಾಗಿಸಿದರೆ ಹಣ ಸುಮಾರು ಎಷ್ಟು ವರ್ಷಕ್ಕೆ ದುಪ್ಪಟ್ಟಾಗುತ್ತದೆ ಎಂಬುದು ಸಿಗುತ್ತದೆ. ಇಟಲಿಯ ಲೂಕಾ ಪಚೋಲಿ 1494ರಲ್ಲಿ ಅಚ್ಚಾದ ತನ್ನ ಗಣಿತದ ಪುಸ್ತಕದಲ್ಲೇ ಇದನ್ನು ಹೇಳಿದ್ದಾನಂತೆ. ತಿರುಗಿಸಿಯೂ ಬಳಸಬಹುದು: ಇಷ್ಟು ವರ್ಷಕ್ಕೆ ದುಪ್ಪಟ್ಟು ಎಂದು ಯಾರಾದರೂ ಹೇಳಿದರೆ, ಆ ವರ್ಷದಿಂದ 72ನ್ನು ಭಾಗಿಸಿ, ಅವರು ಕೊಡುತ್ತೇನೆ ಎನ್ನುವ ಬಡ್ಡಿ ಎಷ್ಟೆಂದು ತಿಳಿಯುತ್ತದೆ.

ಈ ಸೂತ್ರ ನನಗೆ ಬಾಯಿಪಾಠವಿತ್ತು. ಆದರೂ ನಡೆದದ್ದು ಕೇಳಿ.

ನಾನು ಎಂಜಿನಿಯರಿಂಗ್ ಓದುವಾಗ ಅಮ್ಮ ಹೊಲಿಗೆಯ ದುಡ್ಡಿನಲ್ಲಿ ದಿನಕ್ಕೆ 20 ರೂಪಾಯಿ ಕಟ್ಟುತ್ತಿದ್ದಳು. ಪಿಗ್ಮಿಯ ತರಹವೇ ಪುಸ್ತಕ, ಅದೇ ತರಹ ಸಂಜೆ ಬಂದು ರಶೀದಿ ಕೊಡುವವರು. ಬಂದು ಹೋಗುವವರು ನಮಗೆಲ್ಲ ಪರಿಚಿತರು, ಮದುವೆ ಮುಂಜಿಗೆ ಕರೆಯುವಷ್ಟು. ನಾಲ್ಕು ವರ್ಷಕ್ಕೆ ದುಪ್ಪಟ್ಟು ಎಂದು ಹೇಳಿದ್ದರು. ನನ್ನ ಲ್ಯಾಪ್‌ಟಾಪಿಗೆ ಎಂದು ಅಮ್ಮನ ಲೆಕ್ಕ. 72ನ್ನು ನಾಲ್ಕರಿಂದ ಭಾಗಿಸಿದರೆ 18. ನೂರಕ್ಕೆ ಹದಿನೆಂಟು! ಆ ದಿನಗಳಲ್ಲಿ ಅಂಚೆ ಕಚೇರಿಯ ಕಿಸಾನ್ ವಿಕಾಸ ಪತ್ರ ದುಪ್ಪಟ್ಟಾಗಲು 8 ವರ್ಷ 7 ತಿಂಗಳು ಬೇಕಿತ್ತು. ರಜಕ್ಕೆ ಮನೆಗೆ ಬಂದಾಗಲೆಲ್ಲ ಆ ಪುಸ್ತಕ ಹೊಲಿಗೆ ಮೆಷಿನ್ನಿನ ಡ್ರಾಯರಿನಲ್ಲೇ ಇತ್ತು. ನಾನು ಒಮ್ಮೆಯೂ ತೆಗೆದು ನೋಡಲಿಲ್ಲ. 2009ರ ಮಳೆಗಾಲದಲ್ಲಿ ಕಚೇರಿಗೆ ಬೀಗ ಬಿತ್ತು. ಅಮ್ಮ ಕಟ್ಟಿದ್ದು ಒಟ್ಟು 12,400 ರೂಪಾಯಿ. 620 ದಿನದ ಇಪ್ಪತ್ತು. ಅವಳು ಅತ್ತದ್ದು ದುಡ್ಡಿಗಲ್ಲ, 'ಓದಿದ ಮಗನನ್ನು ಒಂದು ಮಾತು ಕೇಳಲಿಲ್ಲವಲ್ಲ' ಎಂದು. ಓದಿದ ಮಗನೂ ಕೇಳಿರಲಿಲ್ಲ. ಹಣ ತೆಗೆದುಕೊಂಡು ಹೋಗುತ್ತಿದ್ದವರೂ ತಮ್ಮ ಸ್ವಂತ ದುಡ್ಡನ್ನು ಅಲ್ಲೇ ಕಳೆದುಕೊಂಡಿದ್ದರು. ಆಮೇಲೆ ಬಹಳ ದಿನ ಪೇಟೆ ಕಡೆ ಬರಲಿಲ್ಲ.

ಕಾನೂನು ಇಲ್ಲದಿರಲಿಲ್ಲ. ಠೇವಣಿದಾರರ ಹಿತರಕ್ಷಣೆಗೆ ನಮ್ಮ ರಾಜ್ಯದಲ್ಲಿ 2004ರ ಕಾಯಿದೆ ಇತ್ತು. 2019ರಲ್ಲಿ ಅನಿಯಂತ್ರಿತ ಠೇವಣಿ ಯೋಜನೆಗಳನ್ನು ನಿಷೇಧಿಸುವ ಕೇಂದ್ರ ಕಾಯಿದೆಯೂ ಬಂತು. ರಿಸರ್ವ್ ಬ್ಯಾಂಕಿನ 'ಸಚೇತ್' ಜಾಲತಾಣದಲ್ಲಿ, ಠೇವಣಿ ಪಡೆಯುವ ಸಂಸ್ಥೆಗೆ ಅನುಮತಿ ಇದೆಯೇ ಎಂದು ಈಗ ಯಾರು ಬೇಕಾದರೂ ನೋಡಬಹುದು, ದೂರನ್ನೂ ಕೊಡಬಹುದು. ಆಗ ಅದು ಇರಲಿಲ್ಲ. ಭಾಗಾಕಾರ ಮಾತ್ರ ಇತ್ತು.

ಈಗ ಹಿಂದಿನ ಬೆಂಚಿನ ಹುಡುಗನಿಗೆ.

ತಮ್ಮಾ, ನಿನ್ನ ಆರುನೂರು ರೂಪಾಯಿಗೆ ಮೊದಲು ಒಂದು ವಿಳಾಸ ಬೇಕು. ಹತ್ತು ವರ್ಷ ತುಂಬಿದವರು ಅಂಚೆ ಕಚೇರಿಯಲ್ಲಿ ತಮ್ಮದೇ ಸಹಿಯಲ್ಲಿ ಉಳಿತಾಯ ಖಾತೆ ನಡೆಸಬಹುದು, ಬ್ಯಾಂಕುಗಳಲ್ಲೂ ಅವಕಾಶವಿದೆ. ವಿದ್ಯಾರ್ಥಿವೇತನಕ್ಕೆಂದು ತೆರೆದ ಖಾತೆ ನಿನಗೆ ಈಗಾಗಲೇ ಇರಬಹುದು, ಪಾಸ್‌ಬುಕ್ ಅಪ್ಪನ ಪೆಟ್ಟಿಗೆಯಲ್ಲಿರಬಹುದು. ಕೇಳಿ ತೆಗೆದುಕೋ, ಓದು. ಎರಡನೆಯದು ಅಂಚೆಯ ಆರ್‌ಡಿ. ತಿಂಗಳಿಗೆ ನೂರು ರೂಪಾಯಿಯಿಂದ ಶುರು, ಐದು ವರ್ಷ. 2023ರ ಅಕ್ಟೋಬರ್‌ನಲ್ಲಿ ನಿಗದಿಯಾದ ನೂರಕ್ಕೆ 6.7ರ ದರದಲ್ಲಿ ಲೆಕ್ಕ ಹಾಕಿದರೆ ನೀನು ಕಟ್ಟುವ 6,000ಕ್ಕೆ ಕೊನೆಗೆ ಸುಮಾರು 7,136 ಸಿಗುತ್ತದೆ. ಇಂದಿನ ದರ ಎಷ್ಟೆಂದು ಕೌಂಟರಿನಲ್ಲಿ ಕೇಳು. ಕಿಸಾನ್ ವಿಕಾಸ ಪತ್ರ 1988ರಲ್ಲಿ ಬಂದಾಗ ಐದೂವರೆ ವರ್ಷಕ್ಕೆ ದುಪ್ಪಟ್ಟಾಗುತ್ತಿತ್ತು. 2023ರ ಏಪ್ರಿಲ್‌ನಲ್ಲಿ ಅದು 115 ತಿಂಗಳಾಗಿತ್ತು. ದರಗಳು ಬದಲಾಗುತ್ತವೆ ಎಂಬುದಕ್ಕೆ ಹೇಳಿದೆ.

ಇದರಿಂದ ನೀನು ಶ್ರೀಮಂತನಾಗುವುದಿಲ್ಲ. ಬೆಲೆಗಳೂ ಏರುತ್ತವೆ, ಠೇವಣಿಯ ಬಡ್ಡಿ ಹೆಚ್ಚುಕಡಿಮೆ ಅದಕ್ಕೇ ಸರಿಹೋಗುತ್ತದೆ. ಆದ್ದರಿಂದಲೇ ಶೇರಿನ ಬಗ್ಗೆ ನೀನು ಕೇಳಿದ್ದು ತಪ್ಪಲ್ಲ. ಆದರೆ ಹದಿನೆಂಟು ತುಂಬುವವರೆಗೆ ನೀನೇ ಕೊಳ್ಳುವಂತಿಲ್ಲ. ಮ್ಯೂಚುವಲ್ ಫಂಡಾದರೂ ಅಪ್ಪ ಅಥವಾ ಅಮ್ಮ ಪೋಷಕರಾಗಿ ನಿನ್ನ ಹೆಸರಿನಲ್ಲಿ ತೆಗೆಯಬೇಕು. ಹದಿನೆಂಟಾದ ಮೇಲೆ ಪ್ಯಾನ್, ಕೆವೈಸಿ, ನಿನ್ನದೇ ಖಾತೆ. ಆಗ ಯಾವ ಶೇರು ಎಂದು ಯಾರನ್ನೂ ಕೇಳಬೇಡ. ನನ್ನನ್ನಂತೂ ಕೇಳಲೇಬೇಡ. ಮೊದಲ ಸಂಬಳದಲ್ಲಿ ಸಹೋದ್ಯೋಗಿಯ ಮಾತು ಕೇಳಿ ಕೊಂಡದ್ದನ್ನು ಅರ್ಧ ಬೆಲೆಗೆ ಮಾರಿದವನು ನಾನು.

ಅಮೆರಿಕದಲ್ಲಿ 1976ರಲ್ಲಿ ಜಾನ್ ಬೋಗಲ್ ಎಂಬಾತ ಒಂದು ಸರಳ ಫಂಡ್ ತೆರೆದ. ಒಳ್ಳೆಯ ಕಂಪನಿ ಯಾವುದೆಂದು ಆರಿಸುವ ಗೋಜೇ ಬೇಡ, ಸೂಚ್ಯಂಕದಲ್ಲಿರುವ ಎಲ್ಲವನ್ನೂ ಒಂದಿಷ್ಟೊಂದಿಷ್ಟು ಕೊಳ್ಳೋಣ, ಖರ್ಚು ಕಡಿಮೆ ಇಡೋಣ ಎಂದ. 15 ಕೋಟಿ ಡಾಲರ್ ಸೇರುತ್ತದೆಂದು ನಿರೀಕ್ಷಿಸಿದರೆ ಸೇರಿದ್ದು 1 ಕೋಟಿ 13 ಲಕ್ಷ. ಎಲ್ಲರೂ ನಕ್ಕರು. ನನಗೆ ಹಾಜಿ ಅಬ್ದುಲ್ಲಾ ಸಾಹೇಬರ 38 ರೂಪಾಯಿ ನೆನಪಾಗುತ್ತದೆ. ಇವತ್ತು ಜಗತ್ತಿನ ದೊಡ್ಡ ದೊಡ್ಡ ಫಂಡುಗಳು ಅದೇ ದಾರಿಯವು. ನಮ್ಮಲ್ಲೂ ಸೆನ್ಸೆಕ್ಸ್, ನಿಫ್ಟಿ ಸೂಚ್ಯಂಕಗಳ ಫಂಡುಗಳಿವೆ, ತಿಂಗಳಿಗೆ 500 ರೂಪಾಯಿಗೂ, ಕೆಲವು ಕಡೆ 100ಕ್ಕೂ. ಇಳಿಯುವ ವರ್ಷಗಳು ಖಂಡಿತ ಬರುತ್ತವೆ. 2008ರ ಜನವರಿಯಲ್ಲಿ 21,000 ಮುಟ್ಟಿದ್ದ ಸೆನ್ಸೆಕ್ಸ್ ಅಕ್ಟೋಬರಿನಲ್ಲಿ 8,000ಕ್ಕೂ ಕೆಳಗೆ ಹೋಗಿತ್ತು. ಏಳೆಂಟು ವರ್ಷ ಮುಟ್ಟಬೇಕಾಗಿಲ್ಲದ ಹಣ ಮಾತ್ರ ಅಲ್ಲಿಗೆ. ಕಾಲೇಜಿನ ಫೀಸು ಅಲ್ಲಿಗಲ್ಲ.

ನಿನ್ನ ಮೊಬೈಲಿಗೆ ಇನ್ನೊಂದು ಬರುತ್ತದೆ: ಆಪ್ಷನ್ ಟ್ರೇಡಿಂಗ್, ಟೆಲಿಗ್ರಾಂ ಗುಂಪು, ಸ್ಕ್ರೀನ್‌ಶಾಟಿನಲ್ಲಿ ದಿನಕ್ಕೆ ಐದು ಸಾವಿರ. 2024ರ ಸೆಪ್ಟೆಂಬರಿನಲ್ಲಿ ಸೆಬಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಮೂರು ವರ್ಷಗಳಲ್ಲಿ ಫ್ಯೂಚರ್ಸ್, ಆಪ್ಷನ್ಸ್ ಆಡಿದ ಸಾಮಾನ್ಯ ಜನರಲ್ಲಿ ನೂರಕ್ಕೆ 93 ಮಂದಿ ನಷ್ಟ ಮಾಡಿಕೊಂಡರು. ನಮ್ಮ ಶಾಲೆಯ ಎಸ್‌ಎಸ್‌ಎಲ್‌ಸಿ ಫಲಿತಾಂಶವೇ ಅದಕ್ಕಿಂತ ಎಷ್ಟೋ ವಾಸಿ.

ಲೇಖನ ಬರೆಯುವ ಮೊದಲು ಹೆಡ್‌ಮಾಸ್ಟರನ್ನು ಕೇಳಿ ಹಳೆಯ ಬೀರು ತೆಗೆಸಿದೆ. ಗೆದ್ದಲು ಅಂಚು ತಿಂದಿದ್ದ ಸಂಚಯಿಕಾ ರಿಜಿಸ್ಟರು ಸಿಕ್ಕಿತು. 1983ರದು, ನಾನು ಹುಟ್ಟುವ ಮೊದಲಿನದು. ಹಸಿರು ಶಾಯಿ, ಮಕ್ಕಳ ಗುಂಡು ಅಕ್ಷರ. 25 ಪೈಸೆ, 50 ಪೈಸೆ, ಒಂದೊಂದು ಸಾಲಿಗೂ ಮ್ಯಾನೇಜರ್ ಎಂದು ಒಂದು ಪುಟ್ಟ ಸಹಿ. ಎಲ್ಲರ ಖಾತೆಯ ಕೊನೆಗೂ 'ಹಣ ಪಡೆದೆ' ಎಂದು ಬರೆದಿದೆ, ಒಂದನ್ನು ಬಿಟ್ಟು. ಎಂಟನೆಯ ತರಗತಿ ಬಿ ವಿಭಾಗ, ಕ್ರಮಸಂಖ್ಯೆ 17, ಒಬ್ಬ ವಿದ್ಯಾರ್ಥಿನಿ. ನಡುವೆಯೇ ಶಾಲೆ ಬಿಟ್ಟಿರಬೇಕು. ಶಿಲ್ಕು 11 ರೂಪಾಯಿ 75 ಪೈಸೆ. ಹೆಸರು ಇಲ್ಲಿ ಹಾಕುವುದು ಸರಿಯಲ್ಲ. ಅವರು ಸಮಾರಂಭಕ್ಕೆ ಬಂದರೆ, ಅಥವಾ ಓದುಗರಲ್ಲಿ ಯಾರಿಗಾದರೂ ಗುರುತು ಸಿಕ್ಕರೆ, ಕಚೇರಿಯಲ್ಲಿ ತಿಳಿಸಿ. ಅಸಲು ಮತ್ತು ಇಲ್ಲಿಯವರೆಗಿನ ಚಕ್ರಬಡ್ಡಿಯನ್ನು ಒಂಬತ್ತನೆಯ ತರಗತಿಯ ಆ ಹುಡುಗನ ಕೈಯಲ್ಲೇ ಲೆಕ್ಕ ಹಾಕಿಸಿ ಕೊಡುವುದೆಂದು ಮಾತಾಗಿದೆ.